ಅನುಭವ ಇಲ್ಲದವರೇ ಬೇಕು

ಗೇಟಿನ ಪಕ್ಕದ ಗೋಡೆಗೆ ಅಂಟಿಸಿದ್ದ ಆ ಕಾಗದವನ್ನು ನೋಡಿದಾಗಲೆಲ್ಲ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. 'ಮನೆ ರಿಪೇರಿ, ನವೀಕರಣದ ಕೆಲಸಕ್ಕೆ ಜನ ಬೇಕಾಗಿದ್ದಾರೆ. ಕೆಲಸವನ್ನು ಕಂಪನಿಯೇ ಕಲಿಸುತ್ತದೆ. ಅನುಭವ ಇಲ್ಲದವರು ಮಾತ್ರ ಬನ್ನಿ.' ಆ 'ಮಾತ್ರ'ದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ನಲವತ್ತು ವರ್ಷ ಕರಣೆ ಹಿಡಿದು, ಲೆಕ್ಕವಿಲ್ಲದಷ್ಟು ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸಿದ ಮನುಷ್ಯ ದಿನಾ ಬೆಳಿಗ್ಗೆ ಆ ಕಾಗದದ ಮುಂದೆಯೇ ಹಾದು ಕೆಲಸಕ್ಕೆ ಹೋಗಬೇಕು. ಯಾರೋ ತನ್ನನ್ನೇ ಕೆಣಕಲು ಬರೆದಿದ್ದಾರೆ ಎಂದು ಅವನಿಗೆ ಅನ್ನಿಸುತ್ತಿತ್ತು.

"ಕೆಲಸ ಬಲ್ಲವರನ್ನ ತಗೊಂಡ್ರೆ ಯಾರ ಗಂಟು ಹೋಗುತ್ತೆ ಮೇಡಂ?" ಎಂದು ಸೇರಿದ ಮೊದಲ ವಾರವೇ ಅವನು ಮ್ಯಾನೇಜರನ್ನು ಕೇಳಿದ್ದ.

ಮ್ಯಾನೇಜರ್ ಮೇಡಂಗೆ ಅವನ ಅರ್ಧ ವಯಸ್ಸು. ಕೈಯಲ್ಲಿ ಸದಾ ಒಂದು ಟ್ಯಾಬು. ಯಾರು ಏನು ಹೇಳಿದರೂ ಅದರಲ್ಲಿ ಬೆರಳಾಡಿಸಿ ಬರೆದುಕೊಳ್ಳುವುದು ಅವರ ಅಭ್ಯಾಸ. "ಬಲ್ಲವರು ತಮ್ಮ ಹಳೇ ಚಾಳೀನೂ ಜೊತೇಲಿ ತರ್ತಾರೆ ಮೇಸ್ತ್ರಿ. ಏನೂ ಗೊತ್ತಿಲ್ಲದವರಾದ್ರೆ ನಾವು ಹೇಳ್ಕೊಟ್ಟಿದ್ದನ್ನ ಹಾಗ್‌ಹಾಗೇ ಮಾಡ್ತಾರೆ" ಎಂದರು. ಹಾಗ್‌ಹಾಗೇ ಮಾಡುವ ಜನ ಎಂಥ ಅಪಾಯ ಎನ್ನುವುದು ಆಗ ಮೇಡಂಗೂ ಗೊತ್ತಿರಲಿಲ್ಲ, ಮೇಸ್ತ್ರಿಗೂ ಗೊತ್ತಿರಲಿಲ್ಲ.

ಮೇಸ್ತ್ರಿ ಕಲಿತದ್ದು ಸೋದರಮಾವನ ಹತ್ತಿರ. ಮಾವ ಬಾಯಿ ಬಿಟ್ಟು ಹೇಳಿಕೊಟ್ಟವನೇ ಅಲ್ಲ. ನೋಡಿ ಕಲಿಯಬೇಕು, ತಪ್ಪಿದರೆ ಕರಣೆಯ ಹಿಡಿ ತಲೆಗೆ ಬೀಳುತ್ತಿತ್ತು. ಹಾಗೆ ಕಲಿತೂ ಮೇಸ್ತ್ರಿ ಊರಿಗೇ ಹೆಸರಾದ. ಅವನು ಕೂರಿಸಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ನೀರು ಹೋಗುವ ತೂತಿನ ಕಡೆಗೇ ಉರುಳಬೇಕು, ಬೇರೆ ಕಡೆ ಹೊರಳಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಐವತ್ತೇಳಕ್ಕೆ ಮಂಡಿ ಕೈಕೊಟ್ಟಿತು. ಕುಕ್ಕರಗಾಲಲ್ಲಿ ಕೂತರೆ ಏಳಲು ಇಬ್ಬರು ಬೇಕು. ಇನ್ನು ಕೂತು ಮಾಡುವ ಕೆಲಸ ಬಿಡಿ ಎಂದರು ಡಾಕ್ಟರು. ಕೂತು ಮಾಡದ ಗಾರೆ ಕೆಲಸ ಯಾವುದಿದೆ? ಮೂರು ತಿಂಗಳು ಮನೆಯಲ್ಲಿದ್ದ. ಆ ಮೂರು ತಿಂಗಳಲ್ಲಿ ಹೆಂಡತಿ ಪಾತ್ರೆ ತೊಳೆಯುವ ರೀತಿ, ಹಾಲಿನವನು ಗೇಟು ಹಾಕುವ ರೀತಿ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ರೀತಿ ಎಲ್ಲದರಲ್ಲೂ ತಪ್ಪು ಕಂಡುಹಿಡಿದ.

"ನೀವು ಎಲ್ಲಾದರೂ ಕೆಲಸಕ್ಕೆ ಹೋಗಿ, ಇಲ್ಲಾ ನಾನು ಹೋಗ್ತೀನಿ" ಎಂದಳು ಹೆಂಡತಿ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಹಾಗಾಗಿ ಕಂಪನಿ ತರಬೇತಿ ಕೊಡಲು ಒಬ್ಬ ಮೇಸ್ತ್ರಿ ಬೇಕೆಂದಾಗ ಅವನು ಎರಡು ಮಾತಾಡದೆ ಒಪ್ಪಿಕೊಂಡ. ನಿಂತುಕೊಂಡು ಕಲಿಸುವ ಕೆಲಸ, ಬಾಯಿ ಇದ್ದರೆ ಸಾಕು. ಬಾಯಿಗೇನು ಅವನಲ್ಲಿ ಬರವಿರಲಿಲ್ಲ.

ತರಬೇತಿ ಶಾಲೆ ಎಂದರೆ ಹಿಂದೆ ಟೈರು ತುಂಬುತ್ತಿದ್ದ ಒಂದು ಗೋಡೌನು. ಈಗಲೂ ಬೆಳಿಗ್ಗೆ ಬಾಗಿಲು ತೆಗೆದರೆ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ಸಾಲಾಗಿ ನಾಲ್ಕು ಸುಳ್ಳು ಬಚ್ಚಲುಮನೆಗಳು: ಎದೆಯೆತ್ತರದ ಗೋಡೆ, ಮೇಲೆ ಸೂರಿಲ್ಲ, ಕೆಳಗೆ ಮೋರಿಯಿಲ್ಲ, ನಲ್ಲಿ ಇರಬೇಕಾದ ಜಾಗದಲ್ಲಿ ನಲ್ಲಿಯ ಚಿತ್ರ. ಕಲಿಯುವವರು ಅಲ್ಲಿ ಟೈಲ್ಸ್ ಕೂರಿಸುತ್ತಾರೆ, ಮಾರನೇ ದಿನ ಕೀಳುತ್ತಾರೆ, ಮತ್ತೆ ಕೂರಿಸುತ್ತಾರೆ.

ಮೊದಲ ತಂಡಕ್ಕೆ ನಿಜವಾದ ಸಿಮೆಂಟನ್ನೇ ಕೊಟ್ಟಿದ್ದರು. ಕೂರಿಸಿದ್ದು ಕೀಳಲು ಬರದೆ, ಕಿತ್ತದ್ದೆಲ್ಲ ಚೂರಾಗಿ, ಗೋಡೌನಿನ ಹಿಂದೆ ಟೈಲ್ಸ್ ಚೂರುಗಳ ಗುಡ್ಡವೇ ಬಿದ್ದಿತು. ಆಗ ಮೇಸ್ತ್ರಿ ಒಂದು ಉಪಾಯ ಮಾಡಿದ. ನುಣ್ಣನೆಯ ಕಲ್ಲಿನ ಪುಡಿಗೆ ಒಂದಿಷ್ಟು ಸುಣ್ಣ ಸೇರಿಸಿ ಕಲಸಿದರೆ ಬಣ್ಣ ಅದೇ, ಹದ ಅದೇ, ಕರಣೆಗೆ ಅಂಟುವುದೂ ಹಾಗೆಯೇ. ಆದರೆ ಗಟ್ಟಿಯಾಗುವುದಿಲ್ಲ, ಮಾರನೇ ಬೆಳಿಗ್ಗೆ ಟೈಲ್ಸು ಚಕ್ಕನೆ ಎದ್ದು ಬರುತ್ತದೆ, ತೊಳೆದು ಜೋಡಿಸಿಟ್ಟರೆ ಹೊಸದರ ಹಾಗೆ. ಚೀಲ ಹೊರುವುದೂ ಬಿಚ್ಚುವುದೂ ಅಭ್ಯಾಸವಾಗಲಿ ಎಂದು ಆ ಪುಡಿಯನ್ನು ಖಾಲಿ ಸಿಮೆಂಟು ಚೀಲಗಳಿಗೇ ತುಂಬಿಸಿದ. ಮೇಡಂ ಇದನ್ನು ಟ್ಯಾಬಿನಲ್ಲಿ ಬರೆದು ಮೇಲಿನವರಿಗೆ ಕಳಿಸಿದರು, ಮೇಲಿನವರು ಭೇಷ್ ಎಂದರು. ಮೇಸ್ತ್ರಿ ಈ ಸಂಗತಿಯನ್ನು ಹೆಂಡತಿಗೆ ಒಂದೇ ವಾರದಲ್ಲಿ ಮೂರು ಸಲ ಹೇಳಿದ.

ಎರಡನೇ ತಂಡ ಬಂದದ್ದು ಇದಾದ ಮೇಲೆ. ನಾಲ್ಕೇ ಜನ. ಹೆಸರು ನೆನಪಿಟ್ಟುಕೊಳ್ಳುವ ತಾಳ್ಮೆ ಮೇಸ್ತ್ರಿಗೆ ಯಾವತ್ತೂ ಇರಲಿಲ್ಲ. ಅವರವರು ಹಿಂದೆ ಮಾಡಿದ ಕೆಲಸವನ್ನೇ ಹೆಸರಾಗಿ ಇಟ್ಟುಬಿಟ್ಟ. ಸಿನಿಮಾ ಮಂದಿರದಲ್ಲಿ ಕತ್ತಲಲ್ಲಿ ಸೀಟು ತೋರಿಸುತ್ತಿದ್ದವನು ಟಾರ್ಚು. ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುತ್ತಿದ್ದವನು ಲಿಫ್ಟು. ಮೂರನೆಯವನು ಮೊದಲೇನು ಮಾಡುತ್ತಿದ್ದನೆಂದು ಕೊನೆಗೂ ತಿಳಿಯಲಿಲ್ಲ, ಏಕೆಂದರೆ ಅವನು ಮಾತೇ ಆಡುತ್ತಿರಲಿಲ್ಲ. ಅವನಿಗೆ ರೇಡಿಯೋ ಎಂದು ಹೆಸರಾಯಿತು. ನಾಲ್ಕನೆಯವಳು ಹೆಂಗಸು, ನಲವತ್ತೊಂದು ವರ್ಷ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮೂಲೆ ಮಡಚಿ ಮಡಚಿ, ಕಡೆಗೆ ಮಡಚುವ ಯಂತ್ರ ಬಂದಾಗ ಹೊರಗೆ ಬಿದ್ದವಳು. ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಅವಳ ತಲೆಯ ಮೇಲೆಯೇ. ಹನ್ನೊಂದು ಕಡೆ ಕೆಲಸ ಕೇಳಿ, ಹನ್ನೊಂದು ಕಡೆಯೂ ಅನುಭವ ಇದೆಯಾ ಎಂದು ಕೇಳಿಸಿಕೊಂಡು, ಹನ್ನೆರಡನೆಯದಾಗಿ ಈ ಗೇಟಿನ ಕಾಗದ ಓದಿ ಒಳಗೆ ಬಂದಿದ್ದಳು. ಮೇಸ್ತ್ರಿಗೆ ಅವಳು ಡಬ್ಬಿ, ಉಳಿದವರಿಗೆ ಡಬ್ಬಿ ಅಕ್ಕ.

ಆರು ವಾರಗಳ ತರಬೇತಿಯಲ್ಲಿ ಮೇಸ್ತ್ರಿಗೆ ಬಿಟ್ಟ ಉಸಿರಿಗಿಂತ ಬಿಟ್ಟ ನಿಟ್ಟುಸಿರೇ ಹೆಚ್ಚು. ಟಾರ್ಚು ಮಟ್ಟ ನೋಡುವ ರಸಮಟ್ಟವನ್ನು ನೆಲದ ಮೇಲಿಡದೆ ಮುಂದಕ್ಕೆ ಚಾಚಿ ಹಿಡಿಯುತ್ತಿದ್ದ. "ಅದರಲ್ಲಿ ಬೆಳಕು ಬರಲ್ಲ ಕಣೋ! ಕೆಳಗಿಡು! ಗುಳ್ಳೆ ನಡುವೆ ನಿಂತಿದೆಯಾ ನೋಡು!" ಲಿಫ್ಟು ಯಾರಾದರೂ ಹೇಳದ ಹೊರತು ಕೈಯನ್ನೇ ಎತ್ತುತ್ತಿರಲಿಲ್ಲ; ಒಂದು ಟೈಲು ಕೂರಿಸಿ, ಮುಂದಿನದು ಎತ್ತಬೇಕೋ ಬೇಡವೋ ಎಂದು ಮುಖ ನೋಡುತ್ತ ನಿಲ್ಲುತ್ತಿದ್ದ. ರೇಡಿಯೋಗೆ ಅರ್ಥವಾಯಿತೇ ಎಂದರೆ ತಲೆಯಾಡಿಸುತ್ತಿದ್ದ, ಅರ್ಥವಾಗಲಿಲ್ಲವೇ ಎಂದರೂ ತಲೆಯಾಡಿಸುತ್ತಿದ್ದ. ಇವರನ್ನಾದರೂ ಸಹಿಸಬಹುದಿತ್ತು. ಮೇಸ್ತ್ರಿಯ ರಕ್ತ ಕುದಿಸುತ್ತಿದ್ದವಳು ಡಬ್ಬಿ.

"ಮೇಸ್ತ್ರಿ, ಒಂದು ಕೇಳ್ಲಾ?"

"ಏನು?"

"ಟೈಲ್ಸ್‌ನ ನೀರಲ್ಲಿ ಯಾಕೆ ನೆನೆಸ್ಬೇಕು?"

"ನೆನೆಸ್ಬೇಕು ಅಂದ್ರೆ ನೆನೆಸ್ಬೇಕು. ಬಾಯಾರಿಕೆ ಆಗಿದೆ ಅಂತ ಅದು ಬಂದು ನಿನ್ನ ಹತ್ರ ಹೇಳ್ಕೊಬೇಕಾ?"

ಹತ್ತು ನಿಮಿಷಕ್ಕೆ ಮತ್ತೆ, "ಮೇಸ್ತ್ರಿ, ಒಂದು ಕೇಳ್ಲಾ? ಗೋಡೆ ಕಡೆಯಿಂದ ಯಾಕೆ ಶುರು ಮಾಡಬಾರದು?" ಮತ್ತೆ ಹತ್ತು ನಿಮಿಷಕ್ಕೆ, "ಸಿಮೆಂಟಿಗೆ ಬಲ ಬರೋಕೆ ಎಷ್ಟು ದಿನ ಬೇಕು?"

"ಏಳು ದಿನ! ಏಳು ದಿನ ನೀರು ಕುಡಿಸ್ಬೇಕು, ಆಮೇಲೆ ಬಲ! ನನ್ನ ತಲೆ ತಿನ್ನಬೇಡ ಮಾರಾಯ್ತಿ, ಹೇಳಿದಷ್ಟು ಮಾಡು!"

ಟೈಲ್ಸ್ ಸಂದುಗಳಿಗೆ ತೆಳು ಗಾರೆ ತುಂಬುವುದನ್ನು ಕಲಿಸುವಾಗಲೂ ಹಾಗೆಯೇ ಆಯಿತು. ಕಲ್ಲಿನ ಪುಡಿಯ ಗಾರೆಯಲ್ಲಿ ಒಂದು ಕಷ್ಟವಿತ್ತು: ಹಸಿಯಿದ್ದಾಗ ಒರೆಸಿದರೆ ಸಂದಿನಲ್ಲಿದ್ದದ್ದೂ ಕಿತ್ತು ಬರುತ್ತಿತ್ತು. ಹಾಗಾಗಿ ಮೇಸ್ತ್ರಿ ತಾಕೀತು ಮಾಡಿದ: "ತುಂಬಿದ ಮೇಲೆ ಯಾರೂ ಕೈ ಹಚ್ಚಬೇಡಿ. ಟೈಲ್ಸ್ ಮೇಲೆ ಮೆತ್ತಿದ್ದು ಮೆತ್ತಿರಲಿ. ಬೆಳಿಗ್ಗೆ ಬಂದು ಒದ್ದೆ ಗೋಣಿ ತಗೊಂಡು ಒಂದು ಸಲ ಎಳೆದ್ರೆ ಆಯ್ತು." ನಿಜವಾದ ಸಿಮೆಂಟಿಗೆ ಇದು ಪೂರಾ ತಿರುಗುಮುರುಗು. ಅರ್ಧ ಗಂಟೆಯೊಳಗೆ ಒರೆಸದಿದ್ದರೆ ಮುಗಿಯಿತು. ಇದು ಇಡೀ ಪ್ರಪಂಚಕ್ಕೆ ಗೊತ್ತಿರುವ ಸಂಗತಿ, ಅಂದರೆ ಮೇಸ್ತ್ರಿಯ ಪ್ರಪಂಚಕ್ಕೆ. ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಚೀಲದಲ್ಲಿರುವುದು ಸಿಮೆಂಟಲ್ಲ ಎಂದು ಕೂಡ ಹೇಳಿದ್ದನೋ ಇಲ್ಲವೋ, ಅದೂ ನೆನಪಿಲ್ಲ. ಕಣ್ಣಿದ್ದವರಿಗೆ ಕಾಣುವುದಿಲ್ಲವೇ?

ಐದನೇ ವಾರ ಡಬ್ಬಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. 'ಅಬ್ಬ, ಅಂತೂ ತಲೆಗೆ ಹತ್ತಿತು' ಎಂದುಕೊಂಡ ಮೇಸ್ತ್ರಿ.

ನಿಜ ಹೇಳಬೇಕೆಂದರೆ ಅವಳ ಕೈ ಅವನಿಗೆ ಹಿಡಿಸಿತ್ತು. ಇಪ್ಪತ್ತು ವರ್ಷ ಡಬ್ಬಿಯ ಮೂಲೆ ಮಡಚಿದ ಬೆರಳು; ಅವಳು ಕೂರಿಸಿದ ನಾಲ್ಕು ಟೈಲುಗಳು ಸೇರುವ ಜಾಗದಲ್ಲಿ ಕೂದಲೆಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ಮಾಡಿದ ಮೂಲೆಯ ಮುಂದೆ ಅವನು ಬಹಳ ಹೊತ್ತು ನಿಂತಿದ್ದ. ಮಾರನೇ ದಿನ ಅದನ್ನು ಅವಳಿಗೆ ಹೇಳಿದನೇ? ಇಲ್ಲ. ಕರಣೆ ಸರಿಯಾಗಿ ತೊಳೆದಿಲ್ಲವೆಂದು ಬೈದ.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಇವರದೇ ಪುರಾಣ. "ಏನೂ ಗೊತ್ತಿಲ್ಲ ಕಣೇ ಅವಕ್ಕೆ! ಏನೂ ಅಂದ್ರೆ ಏನೂ!"

"ಗೊತ್ತಿಲ್ಲ ಅಂತ ತಾನೇ ನಿಮ್ಮ ಹತ್ರ ಕಳಿಸಿರೋದು?" ಎಂದಳು ಹೆಂಡತಿ. "ನನಗೆ ಫೋನು ಕಲಿಸೋಕೆ ಬಂದು ನಾಲ್ಕು ನಿಮಿಷಕ್ಕೆ ಎದ್ದು ಹೋದ್ರಲ್ಲ, ನೆನಪಿದೆಯಾ? ಆಮೇಲೆ ನಾನು ಪಕ್ಕದ ಮನೆಯವಳ ಹತ್ರ ಕಲಿತೆ. ಅವಳು ಒಂದು ಸಲಾನೂ ಹಣೆ ಚಚ್ಕೊಳ್ಳಲಿಲ್ಲ."

"ಫೋನು ಬೇರೆ, ಗಾರೆ ಬೇರೆ."

"ಹಣೆ ಒಂದೇ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಆರನೇ ವಾರದ ಕೊನೆಗೆ ಮೇಡಂ ಬಂದು ಬಾಗಿಲು ಹಾಕಿಕೊಂಡು ಕೂತರು. "ನೋಡಿ ಮೇಸ್ತ್ರಿ, ಮೊದಲ ತಂಡದಲ್ಲಿ ಅರ್ಧ ಜನ ಬಿಟ್ಟುಹೋದ್ರು. ಈ ಶಾಲೆ ನಡೆಸೋದು ಬೇಡ ಅಂತ ಮೇಲಿನವರು ಕೂತಿದ್ದಾರೆ. ಈ ನಾಲ್ವರು ಒಂದು ನಿಜವಾದ ಬಚ್ಚಲುಮನೆ ಒಂದು ದಿನದಲ್ಲಿ ಮಾಡಿ ತೋರಿಸ್ಬೇಕು. ಸರಿ ಬಂದ್ರೆ ಅವರಿಗೆ ಕೆಲಸ ಖಾಯಂ, ಶಾಲೆನೂ ಇರುತ್ತೆ. ಇಲ್ಲಾಂದ್ರೆ..." ಎಂದು ಟ್ಯಾಬಿನ ಮೇಲೆ ಕೈಯಿಟ್ಟರು.

"ಇಲ್ಲಾಂದ್ರೆ ಅವರೂ ಮನೆಗೆ, ನಾನೂ ಮನೆಗೆ" ಎಂದ ಮೇಸ್ತ್ರಿ. ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

"ಇನ್ನೊಂದು. ಆ ದಿನ ನೀವು ಅಲ್ಲಿರೋ ಹಾಗಿಲ್ಲ. ಅವರಷ್ಟಕ್ಕೆ ಅವರು ಮಾಡ್ಬೇಕು. ಏನಾದ್ರೂ ಕೇಳೋದಿದ್ರೆ ಫೋನ್ ಮಾಡಬಹುದು."

ಮನೆ ಒಬ್ಬ ನಿವೃತ್ತ ನರ್ಸಮ್ಮನದು. ಹಳೇ ಕಟ್ಟಡ, ಎರಡನೇ ಮಹಡಿ. ಸವೆದ ನೆಲದ ಮೇಲೆ ಒಂದು ಸಲ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಹೊಸ ನೆಲ ಹಾಕಿಸಲು ಮನಸ್ಸು ಮಾಡಿದ್ದರು. ಹಳೇ ಟೈಲ್ಸ್ ಕೀಳುವುದು, ಪೈಪು ಹಾಕುವುದು ಬೇರೆಯವರು ಮುಗಿಸಿದ್ದರು. ಉಳಿದದ್ದು ನೆಲ ಮತ್ತು ಗೋಡೆಯ ಕೆಳಗಿನ ಮೊಳದುದ್ದ. ನಾಲ್ಕು ಜನಕ್ಕೆ ಒಂದು ದಿನದ ಕೆಲಸ. ಡಬ್ಬಿಯನ್ನು ತಂಡದ ಮುಖ್ಯಸ್ಥೆ ಎಂದು ಮೇಡಂ ಬರೆದುಕೊಂಡರು.

ಆ ದಿನ ಮೇಸ್ತ್ರಿ ಗೋಡೌನಿನಲ್ಲಿ ಮೂರನೇ ತಂಡಕ್ಕೆ ಜನರನ್ನು ಆರಿಸುತ್ತ ಕೂತಿದ್ದ. ಅದೊಂದು ಶಿಕ್ಷೆ. ಕೆಲಸ ಗೊತ್ತಿದೆ ಎಂದವನನ್ನು ವಾಪಸು ಕಳಿಸಬೇಕು, ಸುತ್ತಿಗೆಯನ್ನೇ ನೋಡಿಲ್ಲ ಎಂದವನನ್ನು ಕುರ್ಚಿ ಕೊಟ್ಟು ಕೂರಿಸಬೇಕು. ಒಬ್ಬ ತನಗೆ ಅಲ್ಪಸ್ವಲ್ಪ ಗೊತ್ತು ಎಂದ. ಕಾಗದ ನೆನಪಾಗಿ, ಇಲ್ಲ ಏನೂ ಗೊತ್ತಿಲ್ಲ ಎಂದ. ಕಡೆಗೆ ಗೊತ್ತಿದ್ದದ್ದು ಮರೆತಿದೆ ಎಂದ. ಮೇಸ್ತ್ರಿಯ ತಾಳ್ಮೆಯ ಕಟ್ಟೆ ಒಡೆಯುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಮಧ್ಯಾಹ್ನ ಹನ್ನೆರಡೂವರೆ.

"ಮೇಸ್ತ್ರಿ, ನಾನು. ಒಂದು ಕೇಳ್ಲಾ?"

"ಅಲ್ಲಿ ಹೋದ್ರೂ ಬಿಡಲ್ವಾ ನೀನು?"

"ಅಲ್ಲ, ಇವತ್ತು ಗಾರೆ ಒಂಥರಾ..."

"ಆರು ವಾರ ಕತ್ತೆ ಚಾಕರಿ ಮಾಡಿ ಹೇಳ್ಕೊಟ್ಟಿದ್ದೀನಿ. ಇನ್ನೂ ಒಂಥರಾ, ಎರಡು ಥರಾ ಅಂದ್ರೆ ನಾನೇನು ಮಾಡ್ಲಿ? ಹೇಳ್ಕೊಟ್ಟ ಹಾಗೆ ಮಾಡು. ಹೆಚ್ಚೂ ಬೇಡ, ಕಮ್ಮಿನೂ ಬೇಡ. ಇಡು ಫೋನು!"

ಅವಳು ಇಡುವ ಮೊದಲೇ ಅವನು ಇಟ್ಟ. ಎದುರಿಗೆ ಕೂತಿದ್ದವನು ಮೆಲ್ಲಗೆ ಎದ್ದು, ಇನ್ನೊಂದು ದಿನ ಬರುತ್ತೇನೆ ಎಂದು ಹೊರಟೇಹೋದ.

ಮಾರನೇ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಮತ್ತು ಮೇಡಂ ನರ್ಸಮ್ಮನ ಮನೆಯ ಮೆಟ್ಟಿಲು ಹತ್ತಿದರು. ಮೇಲಿನಿಂದ ಗೋಣಿಚೀಲ ತಿಕ್ಕುವ ಸದ್ದು ಬರುತ್ತಿತ್ತು. ಮೇಸ್ತ್ರಿ ಬಚ್ಚಲುಮನೆಯ ಬಾಗಿಲಲ್ಲಿ ಇಣುಕಿದ. ತಿಳಿನೀಲಿ ಟೈಲ್ಸ್ ಕಾಣಬೇಕಾದ ನೆಲವೆಲ್ಲ ಬೂದಿ ಮೆತ್ತಿದಂತೆ ಬಿಳಿಚಿಕೊಂಡಿತ್ತು. ಟಾರ್ಚು, ಲಿಫ್ಟು, ರೇಡಿಯೋ ಮೂವರೂ ಒದ್ದೆ ಗೋಣಿ ಹಿಡಿದು ಬೆವರು ಸುರಿಸಿ ತಿಕ್ಕುತ್ತಿದ್ದರು, ಒಂದು ಚೂರೂ ಅಲ್ಲಾಡುತ್ತಿರಲಿಲ್ಲ. ಮೂಲೆಯಲ್ಲಿ ಬಾಂಡ್ಲಿ, ಅದರೊಳಗೆ ಉಳಿದ ಗಾರೆ, ಗಾರೆಯೊಳಗೆ ನೆಟ್ಟಗೆ ನಿಂತ ಕರಣೆ. ಮೇಸ್ತ್ರಿ ಕರಣೆಗೆ ಕೈಹಾಕಿ ಎತ್ತಿದ, ಜೊತೆಗೆ ಬಾಂಡ್ಲಿಯೂ ಎದ್ದು ಬಂತು.

ಅಲ್ಲಿಂದ ಮುಂದೆ ಅವನ ಬಾಯಿಗೆ ಕಡಿವಾಣವಿರಲಿಲ್ಲ. "ಕಣ್ಣಿಗೆ ಏನಾಗಿತ್ತೋ? ಸಿಮೆಂಟು ಕಣ್ರೋ ಇದು! ರಾತ್ರಿಯೆಲ್ಲ ಬಿಟ್ರೆ ಕಲ್ಲಾಗದೆ ಬೆಣ್ಣೆ ಆಗುತ್ತಾ? ಯಾವ ಮುಠ್ಠಾಳ ಹೇಳಿದ ಬೆಳಿಗ್ಗೆ ಒರೆಸಿ ಅಂತ?"

ಟಾರ್ಚು ಗೋಣಿ ಕೆಳಗಿಟ್ಟ. "ನೀವೇ ಮೇಸ್ತ್ರಿ."

"ಅದು ಅಲ್ಲಿ! ಅದು ಕಲ್ಲಿನ ಪುಡಿ!"

"ಯಾವ ಕಲ್ಲಿನ ಪುಡಿ?" ಎಂದ ಲಿಫ್ಟು. ಅವನ ಮುಖದಲ್ಲಿ ಕಪಟವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದ. "ಚೀಲದ ಮೇಲೆ ಸಿಮೆಂಟ್ ಅಂತಾನೇ ಬರೆದಿತ್ತಲ್ಲ. ಬಲ ಬರೋಕೆ ಏಳು ದಿನ ಬೇಕು ಅಂದಿದ್ರಿ. ಅದಕ್ಕೇ ಒಂದು ರಾತ್ರಿಗೆ ಏನಾಗುತ್ತೆ ಅಂತ..."

ಮೇಸ್ತ್ರಿಗೆ ಆಗ ಹೊಳೆಯಿತು. ಆರು ವಾರ ಈ ನಾಲ್ವರು ಸಿಮೆಂಟನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟಿದ್ದೇವೆಂದು ತಿಳಿದಿದ್ದರು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ್ದರು.

ಬಾಗಿಲಲ್ಲಿ ನಿಂತಿದ್ದ ಮೇಡಂಗೆ ಇದೆಲ್ಲ ಅರ್ಧ ಕೇಳಿಸಿತ್ತು, ಅರ್ಧ ಇಲ್ಲ. ಅವರು ನರ್ಸಮ್ಮನಿಗೆ ಸಮಾಧಾನ ಹೇಳುವುದರಲ್ಲಿದ್ದರು. ಈಗ ಒಳಗೆ ತಿರುಗಿದರು. "ತಂಡದ ಮುಖ್ಯಸ್ಥೆ ನೀವಲ್ವಾ?"

"ಹೌದು ಮೇಡಂ" ಎಂದಳು ಡಬ್ಬಿ. ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಉಗುರಿನ ಸುತ್ತ ಸಿಮೆಂಟು ಕಚ್ಚಿ ಚರ್ಮ ಬಿರುಕುಬಿಟ್ಟಿತ್ತು. "ತಪ್ಪು ನಂದೇ."

"ಗೊತ್ತಾಗದೇ ಇದ್ರೆ ಕೇಳ್ಬೇಕು ತಾನೇ? ಫೋನ್ ಮಾಡಬಹುದು ಅಂತ ನಾನೇ ಹೇಳಿದ್ದೆ."

ಡಬ್ಬಿ ಉಗುರಿಗೆ ಕಚ್ಚಿದ ಸಿಮೆಂಟನ್ನು ಕೆರೆಯತೊಡಗಿದಳು.

"ಒಂದು ಫೋನ್ ಮಾಡಿದ್ರೆ ಮೇಸ್ತ್ರಿ ಹೇಳ್ತಿದ್ರು. ಒಬ್ಬರು ಮಾಡಿದ ತಪ್ಪಿಗೆ ಇಡೀ ಶಾಲೆ ಮುಚ್ಚೋದು ನ್ಯಾಯ ಅಲ್ಲ, ಮೇಲಿನವರಿಗೆ ಹಾಗೇ ಬರೀತೀನಿ. ಆದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲಮ್ಮ." ಮೇಡಂನ ಬೆರಳು ಟ್ಯಾಬಿನ ಮೇಲೆ ಓಡತೊಡಗಿತು.

ಮೇಸ್ತ್ರಿಗೆ ಎಲ್ಲ ನಿಚ್ಚಳವಾಗಿ ಕಂಡಿತು. ಸುಮ್ಮನಿದ್ದರೆ ಸಾಕು. ಶಾಲೆ ಉಳಿಯುತ್ತದೆ, ತಾನು ಉಳಿಯುತ್ತೇನೆ, ಸೋಮವಾರ ಮೂರನೇ ತಂಡ ಬರುತ್ತದೆ. ನಿನ್ನೆ ಹನ್ನೆರಡೂವರೆಯ ಫೋನಿನ ವಿಷಯ ತನಗೆ ಗೊತ್ತು, ಡಬ್ಬಿಗೆ ಗೊತ್ತು, ಮೇಡಂಗೆ ಗೊತ್ತಿಲ್ಲ. ಇವಳೋ ಹೇಳುವ ಹಾಗೆ ಕಾಣುತ್ತಿಲ್ಲ. ಯಾಕೆ ಹೇಳುತ್ತಿಲ್ಲ? ದಿನಕ್ಕೆ ನೂರು ಪ್ರಶ್ನೆ ಕೇಳಿ ಪ್ರಾಣ ಹಿಂಡುತ್ತಿದ್ದವಳು, ಹೇಳಲೇಬೇಕಾದ ಒಂದು ಮಾತಿಗೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಾಳೆ! ಅವನಿಗೆ ಎಂಥ ಸಿಟ್ಟು ಬಂತೆಂದರೆ ಆರು ವಾರದಲ್ಲಿ ಅಂಥದ್ದು ಬಂದಿರಲಿಲ್ಲ.

"ಹೇಳಮ್ಮಾ!" ಎಂದು ಕಿರುಚಿದ. "ಫೋನ್ ಮಾಡಿದ್ದೆ ಅಂತ ಹೇಳು!"

ಡಬ್ಬಿ ತಲೆ ತಗ್ಗಿಸಿದಳು. ಮೇಡಂನ ಬೆರಳು ನಿಂತಿತು.

"ಅವಳು ಹೇಳಲ್ಲ ಮೇಡಂ, ನಾನೇ ಹೇಳ್ತೀನಿ. ನಿನ್ನೆ ಮಧ್ಯಾಹ್ನ ಫೋನ್ ಮಾಡಿದ್ಲು. ಗಾರೆ ಒಂಥರಾ ಇದೆ ಅಂದ್ಲು. ನಾನು ಪೂರ್ತಿ ಕೇಳಿಸ್ಕೊಳ್ಳಲಿಲ್ಲ, ಬೈದು ಇಟ್ಟೆ. ಹೇಳ್ಕೊಟ್ಟ ಹಾಗೆ ಮಾಡು ಅಂದೆ. ಹಾಗೇ ಮಾಡಿದ್ದಾಳೆ. ಬೆಳಿಗ್ಗೆ ಒರೆಸಿ ಅಂದವನೂ ನಾನೇ, ಸಿಮೆಂಟು ಚೀಲಕ್ಕೆ ಕಲ್ಲಿನ ಪುಡಿ ತುಂಬಿದವನೂ ನಾನೇ. ಸಿಮೆಂಟು ಬೇಗ ಕಚ್ಚುತ್ತೆ ಅನ್ನೋ ಮಾತನ್ನ ಒಂದು ದಿನಾನೂ ಇವರಿಗೆ ಹೇಳಿಲ್ಲ. ಬರ್ಕೊಳ್ಳಿ. ಹೀಗೇ ಬರ್ಕೊಳ್ಳಿ."

ಮೇಡಂ ಬರೆದುಕೊಳ್ಳಲಿಲ್ಲ. ಮೇಲಿನವರ ಜೊತೆ ಮಾತಾಡಲು ಫೋನು ಹಿಡಿದು ಮೆಟ್ಟಿಲ ಕಡೆ ಹೋದರು.

ನರ್ಸಮ್ಮ ಕನ್ನಡಕ ಹಾಕಿಕೊಂಡು ಬಚ್ಚಲಿಗೆ ಬಂದು ಬಗ್ಗಿ ನೋಡಿದರು. "ಸಾಲೇನೋ ನೆಟ್ಟಗೇ ಇದೆಯಲ್ಲ. ಮೇಲಿನ ಕೊಳೆ ಹೋಗಲ್ವಾ?"

"ಹೋಗುತ್ತಮ್ಮ. ಕೈ ನೋಯುತ್ತೆ, ಆದ್ರೆ ಹೋಗುತ್ತೆ" ಎಂದ ಮೇಸ್ತ್ರಿ. ನರ್ಸಮ್ಮ ಹೋದ ಮೇಲೆ ಡಬ್ಬಿಯ ಕಡೆ ತಿರುಗಿ ದನಿ ತಗ್ಗಿಸಿದ. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು."

"ಕಳಿಸ್ಲಿ! ನಿನಗೇನು? ಆರು ವಾರ ಬೈಸ್ಕೊಂಡಿದ್ದು ಸಾಲದಾ?"

"ಹನ್ನೊಂದು ಕಡೆ ನನ್ನನ್ನ ನಗ್ತಾ ನಗ್ತಾ ಮಾತಾಡ್ಸಿ ಕಳಿಸಿದ್ರು ಮೇಸ್ತ್ರಿ" ಎಂದಳು ಅವಳು. "ನೀವು ಬೈದ್ರಿ, ಆದ್ರೆ ಇಟ್ಕೊಂಡ್ರಿ."

ಮೇಸ್ತ್ರಿ ಬಾಂಡ್ಲಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ.

ಮೇಡಂ ಹಿಂದಿರುಗಿದಾಗ ಟ್ಯಾಬು ಕಂಕುಳಲ್ಲಿತ್ತು. ನಾಲ್ವರನ್ನೂ ಇಟ್ಟುಕೊಳ್ಳುತ್ತಾರೆ; ಮೊದಲ ತಂಡದವರ ಜೊತೆ ನಿಜವಾದ ಮನೆಗಳಲ್ಲೇ ಇನ್ನೊಂದು ತಿಂಗಳು ಕಲಿಯಬೇಕು. ಗೋಡೌನು ಈ ವಾರವೇ ಖಾಲಿ. "ಇವತ್ತು ಈ ನೆಲ ಸರಿ ಮಾಡಿಸಿಕೊಡಿ ಮೇಸ್ತ್ರಿ. ನಾಳೆಯಿಂದ..." ಎಂದು ಮುಂದೆ ಹೇಳಲಾರದೆ ನಿಲ್ಲಿಸಿದರು.

"ಗೊತ್ತಾಯ್ತು ಮೇಡಂ" ಎಂದ ಅವನು. ಗೊತ್ತಾಗಿತ್ತು. ನಾಚಿಕೆಯೂ ಆಗಿತ್ತು.

ಮೇಡಂ ಇಳಿದು ಹೋದರು. ಉಜ್ಜುವ ಕಲ್ಲು, ತಗಡಿನ ಪಟ್ಟಿ, ಟೈಲ್ಸ್ ತೊಳೆಯುವ ಆಸಿಡ್ಡು, ಕೈಗವಸು ಎಲ್ಲ ತರಲು ಮೇಸ್ತ್ರಿ ಲಿಫ್ಟನ್ನು ಅಂಗಡಿಗೆ ಓಡಿಸಿದ. ಲಿಫ್ಟು ಬಂದ ಮೇಲೆ ಹೇಗೆ ಕೆರೆಯಬೇಕು, ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಎಂದು ತೋರಿಸಿದ. ಆಮೇಲೆ ಉಳಿದಿದ್ದ ಸಿಮೆಂಟು ಚೀಲದಿಂದ, ಈ ಸಲ ನಿಜವಾದ ಸಿಮೆಂಟಿನ ಚೀಲದಿಂದ, ಬೊಗಸೆಯಷ್ಟು ತೆಗೆದು ತಗಡಿನ ಮೇಲೆ ಹಾಕಿ ನೀರು ಬೆರೆಸಿ ಕಲಸಿ, ಕೈಗವಸು ಹಾಕಿದ್ದ ನಾಲ್ವರ ಅಂಗೈ ಮೇಲೂ ಒಂದೊಂದು ಉಂಡೆ ಇಟ್ಟ.

"ಹಿಡ್ಕೊಂಡಿರಿ. ಬೆರಳಲ್ಲಿ ಆಗಾಗ ಒತ್ತಿ ನೋಡಿ. ಯಾವಾಗ ಬಿಗೀತದೆ ಅಂತ ನೀವೇ ತಿಳ್ಕೊಳ್ಳಿ." ಕೈ ಒರೆಸಿಕೊಳ್ಳುತ್ತ, "ಮತ್ತೆ ಕೇಳಿ. ಏನೇನು ಗೊತ್ತಿಲ್ವೋ ಎಲ್ಲ ಕೇಳಿ. ಸಂಜೆವರೆಗೆ ಇದ್ದೀನಿ" ಎಂದ.

ಯಾರೂ ಕೇಳಲಿಲ್ಲ. ಟಾರ್ಚು ಲಿಫ್ಟಿನ ಮುಖ ನೋಡಿದ, ಲಿಫ್ಟು ನೆಲ ನೋಡಿದ. ಆರು ವಾರ ಕಷ್ಟಪಟ್ಟು ಮುಚ್ಚಿಸಿದ ಬಾಯಿಗಳು. ಒಂದು ಮಾತಿಗೆ ತೆರೆದುಕೊಳ್ಳುತ್ತವೆಯೇ?

"ಬೈಯಲ್ಲ ಕಣ್ರೋ! ಕೇಳಿ ಅಂದ್ರೆ ಕೇಳ್ಬೇಕು!" ಎಂದು ಮೇಸ್ತ್ರಿ ಬೈದ.

ಡಬ್ಬಿ ಅಂಗೈಯ ಉಂಡೆಯನ್ನೇ ನೋಡುತ್ತಿದ್ದಳು. "ನೀರು ತಣ್ಣಗಿತ್ತು" ಎಂದಳು ನಿಧಾನಕ್ಕೆ. "ಪುಡಿನೂ ತಣ್ಣಗಿತ್ತು. ಎರಡೂ ಸೇರಿದ್ರೆ ಯಾಕೆ ಬಿಸಿ ಆಗುತ್ತೆ ಮೇಸ್ತ್ರಿ? ನಿನ್ನೆ ಅದನ್ನೇ ಕೇಳೋಕೆ ಫೋನ್ ಮಾಡಿದ್ದೆ."

ಆಗುತ್ತೆ ಅಂದ್ರೆ ಆಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಮೇಸ್ತ್ರಿ ಅದನ್ನು ನುಂಗಿಕೊಂಡ. ನಲವತ್ತು ವರ್ಷ ಆ ಬಿಸಿ ಅವನ ಅಂಗೈಯಲ್ಲಿತ್ತು. ಎಷ್ಟೋ ಸಲ ಚರ್ಮ ಸುಟ್ಟಿತ್ತು.

"ಗೊತ್ತಿಲ್ಲ" ಎಂದ.

ನಾಲ್ವರೂ ತಲೆಯೆತ್ತಿದರು.

"ನಿಜವಾಗ್ಲೂ ಗೊತ್ತಿಲ್ಲಮ್ಮ. ನಾನು ಯಾರನ್ನೂ ಕೇಳ್ಲಿಲ್ಲ."

ಡಬ್ಬಿ ಒಂದು ಹೆಜ್ಜೆ ಮುಂದೆ ಬಂದು, ಹಾಗಾದರೆ ಟೈಲ್ಸ್ ನೆನೆಸುವುದು ಯಾಕೆ ಎಂದು ಕೇಳಿದಳು. ಅದು ಅವನಿಗೆ ಗೊತ್ತಿತ್ತು, ಹೇಳಿದ. ಟಾರ್ಚು ಒಂದು ಕೇಳಿದ, ಲಿಫ್ಟು ಎರಡು ಕೇಳಿದ. ಸಂಜೆಯ ತನಕದ ಹೊತ್ತು ಅವರ ಪ್ರಶ್ನೆಗಳಿಗೆ ಸಾಲಲಿಲ್ಲ.